ಅಣ್ಣ ಕೇಳಿದ ಕ್ಷಮೆ

ದಹಿಸರ್ ಪೂರ್ವ, ಮುಂಬಯಿ
ಭಾನುವಾರ, ೮ ಜೂನ್ ೨೦೨೫

ಪ್ರೀತಿಯ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ರೈಲಿನಲ್ಲಿ ಅಷ್ಟು ಹೊತ್ತು ಕಾಲು ಮಡಚಿ ಕೂತು ಹೋದೆಯಲ್ಲ, ಊತ ಇಳಿಯಿತೇ? ಅತ್ತಿಗೆಯ ಕೆಮ್ಮು ಮೈಸೂರಿನ ಗಾಳಿಗೆ ಕಡಿಮೆಯಾಯಿತೇ, ಹೆಚ್ಚಾಯಿತೇ? ಧಾತ್ರಿ ನಿನಗೆ ಸಕ್ಕರೆಯಿಲ್ಲದ ಕಾಫಿಯನ್ನೇ ಕೊಡುತ್ತಿದ್ದಾಳೋ, ಮಗಳ ಮನೆಯೆಂಬ ಸಲಿಗೆಯಲ್ಲಿ ನೀನೇ ಅಡುಗೆಮನೆಗೆ ನುಗ್ಗಿ ಎರಡು ಚಮಚ ಸುರಿದುಕೊಳ್ಳುತ್ತಿದ್ದೀಯೋ? ಇಷ್ಟು ಕೇಳಿದ ಮೇಲೆ ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಬರೆಯುವುದಿಲ್ಲ! ಚೆನ್ನಾಗಿಲ್ಲ. ನಿನ್ನ ತಂಗಿ ಒಂದು ವಾರದಿಂದ ಒಲೆಯ ಮೇಲಿನ ಬಾಣಲೆಯಂತೆ ಕಾದು ಕೂತಿದ್ದಾಳೆ. ಹತ್ತಿರ ಬಂದವರು ಸಾಸಿವೆಯ ಹಾಗೆ ಸಿಡಿದು ಹೋಗುತ್ತಿದ್ದಾರೆ. ನಮ್ಮ ಯಜಮಾನರಂತೂ ಪೇಪರನ್ನು ಬಾಲ್ಕನಿಯಲ್ಲಿ ನಿಂತೇ ಓದುತ್ತಾರೆ. ಮಳೆಯ ಇರಚಲು ಹೊಡೆದರೂ ಒಳಗೆ ಬರುತ್ತಿಲ್ಲ.

ಈ ಕಾಲದಲ್ಲಿ ಪೆನ್ನು ಹಿಡಿದು ಕಾಗದ ಬರೆಯುವ ಸ್ಥಿತಿಗೆ ನನ್ನನ್ನು ತಂದವನೂ ನೀನೇ. ಫೋನ್ ಆಫ್ ಮಾಡಿಟ್ಟಿದ್ದೀಯ. ಧಾತ್ರಿಗೆ ಮಾಡಿದರೆ “ಅಪ್ಪ ಯಾರ ಹತ್ರಾನೂ ಮಾತಾಡಲ್ವಂತೆ ಅತ್ತೆ, ನಿಮ್ಮ ಹತ್ರ ಅಂತೂ ಬೇಡವೇ ಬೇಡ ಅಂದ್ರು, ಬೈತೀರಂತೆ” ಅನ್ನುತ್ತಾಳೆ. ಹೌದು, ಬೈಯುತ್ತೇನೆ! ಬೈಯುವುದಕ್ಕೇ ಕೂತಿದ್ದೇನೆ. ಫೋನಾಗಿದ್ದರೆ ಕಿವಿಯಿಂದ ಒಂದು ಮೊಳ ದೂರ ಹಿಡಿದು ಹೂಂ ಹೂಂ ಅನ್ನುತ್ತಿದ್ದೆ. ಕಾಗದವನ್ನು ಕನ್ನಡಕದ ಮುಂದೆ ತಂದೇ ತೀರಬೇಕು, ಇದಕ್ಕೆ ಆಫ್ ಮಾಡುವ ಗುಂಡಿಯಿಲ್ಲ. ಧಾತ್ರೀ, ನೀನು ಇದನ್ನು ಒಡೆದು ಓದುತ್ತಿದ್ದರೆ ಅಪ್ಪನಿಗೆ ಜೋರಾಗಿ ಓದಿ ಹೇಳಮ್ಮ. ಮೆಲ್ಲಗೆ ಓದಿದರೆ ಇದು ನಿನ್ನ ಅತ್ತೆಯ ಕಾಗದವೇ ಅಲ್ಲ.

ಮೇ ಮೂವತ್ತೊಂದರ ಶನಿವಾರದಿಂದ ಶುರು ಮಾಡುತ್ತೇನೆ, ಖಳನ ಪ್ರವೇಶ ಅಲ್ಲಿಯೇ. ಫೋರ್ಟಿನ ನಮ್ಮ ಆಫೀಸಿನ ಕೆಳಗಿನ ಉಡುಪಿ ಹೋಟೆಲಿನಲ್ಲಿ ನಿನ್ನ ನಿವೃತ್ತಿಗೆಂದು ಮೂರು ಟೇಬಲ್ ಜೋಡಿಸಿ, ನಿನ್ನ ಕೊರಳಿಗೆ ಸೇವಂತಿಗೆ ಹಾರ ಹಾಕಿ, ಹೆಗಲಿಗೆ ಶಾಲು ಹೊದೆಸಿ, ಮ್ಯಾನೇಜರ್ ತುಷಾರ್ ಸಾಹೇಬರು ಎದ್ದು ನಿಂತರು. ವಯಸ್ಸು ಮೂವತ್ತೆರಡು, ಗಡ್ಡ ಮಾತ್ರ ಅರವತ್ತರ ಮಂತ್ರಿಯದು. ಅಜ್ಜ ಬೆಂಗಳೂರಿನವರಂತೆ, ಇವರಿಗೆ ಕನ್ನಡ ತಿಳಿಯುತ್ತದೆ, ಆಡುವುದಕ್ಕೆ ಬರುವುದಿಲ್ಲ. “ವಸಿಷ್ಠ ಅಂಕಲ್ ತೋ ಹಮಾರೀ ಬ್ರಾಂಚ್ ಕಾ ಪಿಲ್ಲರ್ ಹೈ” ಎಂದು, ನೀನು ಬ್ರಾಂಚಿನ ಕಂಬವೆಂದು, ಭಾಷಣ ಬಿಗಿದರು. ನೀನು ಮಸಾಲೆ ದೋಸೆಯ ಮುಂದೆ ತಲೆ ತಗ್ಗಿಸಿ ಕೂತಿದ್ದೆ, ಯಾರೋ ನಿನ್ನ ಮೇಲೆ ಆಪಾದನೆ ಓದುತ್ತಿದ್ದಾರೇನೋ ಎಂಬಂತೆ. ಊಟವಾದ ಮೇಲೂ ಮನೆಗೆ ಹೋಗಲಿಲ್ಲ ನೀನು! ಹಾರ ತೆಗೆದು ಕುರ್ಚಿಗೆ ನೇತುಹಾಕಿ, ನಿನ್ನ ಕಂಪ್ಯೂಟರಿನಲ್ಲಿದ್ದ ಧಾತ್ರಿಯ ಮದುವೆ ಫೋಟೋಗಳನ್ನೆಲ್ಲ ಅಳಿಸಿ, ಮೇಜು ಒರೆಸಿ, ಬೀಗದಕೈ ಕೊಟ್ಟು ಹೊರಟೆ. ಆ ಒಂದು ತಾಸಿನ ಶ್ರದ್ಧೆಯನ್ನೇ ಮುಂದೆ ನಿನ್ನ ಕೊರಳಿಗೆ ಹಗ್ಗ ಮಾಡಿದರು.

ಸೋಮವಾರ ಪರದೆ ಎದ್ದಿತು. ಝೆಡ್ ಡ್ರೈವ್ ಇಲ್ಲ! ಬಂದರಿನಿಂದ ಸರಕು ಬಿಡಿಸಿಕೊಡುವ ಆಫೀಸಿಗೆ ಕಾಗದಪತ್ರವೇ ಪ್ರಾಣ, ನಮ್ಮ ಪ್ರಾಣವೆಲ್ಲ ಆ ಒಂದು ಫೋಲ್ಡರಿನಲ್ಲಿ. ಎಲ್ಲರೂ ಹಂಚಿಕೊಂಡು ಬಳಸುವ ಫೋಲ್ಡರು, ಯಾರು ಒತ್ತಿದರೂ ಒಂದೇ ಉತ್ತರ: ನಿನಗೆ ಅನುಮತಿಯಿಲ್ಲ. ನಮ್ಮ ಮಂಗಳೂರಿನ ಪ್ರಶಾಂತ ಮೇಜಿನಡಿಗೆ ನುಗ್ಗಿ ವಯರು ಕಿತ್ತು ಮತ್ತೆ ಚುಚ್ಚಿದ. “ಎಂತ ಮಾರಾಯ್ರೆ ಇದು, ಲೈಟು ಹೊತ್ತುತ್ತಾ ಉಂಟು, ಒಳಗೆ ಮಾತ್ರ ಬಿಡುದಿಲ್ಲ” ಅಂದ. ಹೆಡ್ ಆಫೀಸಿನ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದರೆ ಅಲ್ಲಿಯ ಧ್ವನಿ “ರೀಸ್ಟಾರ್ಟ್ ಕಿಯಾ ಕ್ಯಾ?” ಅಂತ. ಮಾಡಿದೆವು ಸ್ವಾಮೀ! ಇಡೀ ಆಫೀಸು ಒಟ್ಟಿಗೆ ಕಣ್ಣು ಮುಚ್ಚಿ ಒಟ್ಟಿಗೆ ಕಣ್ಣು ಬಿಟ್ಟಿತು. ಫೋಲ್ಡರುಗಳನ್ನೆಲ್ಲ ಇಟ್ಟಿರುವ ಸರ್ವರ್ ಬದುಕಿದೆಯೇ ಎಂದು ಅವರು ಅಲ್ಲಿಂದಲೇ ಕೂಗಿ ನೋಡಿದರು, ಓಗೊಟ್ಟಿತು. ಅದೇ ಸರ್ವರಿನಲ್ಲಿ ರಜೆಯ ಸುತ್ತೋಲೆಗಳನ್ನಿಡುವ ಫೋಲ್ಡರು ಸರಾಗ ತೆರೆದುಕೊಂಡಿತು. ಅಲ್ಲಿಗೆ ವಯರು ಸರಿ, ಮಷೀನು ಸರಿ, ಮನೆ ಸರಿ. ಒಂದು ಬಾಗಿಲು ಮಾತ್ರ ಮುಚ್ಚಿದೆ. ಹೆಸರು ಹೇಳು, ಪಾಸ್‌ವರ್ಡ್ ಹೇಳು ಎಂದು ಸಣ್ಣ ಚೌಕವೊಂದು ಎದ್ದು ನಿಲ್ಲುತ್ತಿತ್ತು. ನಾನು ನನ್ನ ಈಮೇಲಿನ ಹೆಸರು ಹೊಡೆದೆ, ಉಗುಳಿತು. ಪ್ರಶಾಂತ ಅವನದು ಹೊಡೆದ, ಉಗುಳಿತು. ಅತ್ತ ಬಂದರಿನಲ್ಲಿ ಯಾರದೋ ಔಷಧಿಯ ಕಂಟೇನರು ಬಿಸಿಲಿಗೆ ನಿಂತಿದೆ, ಸರಕಿನ ಪಾರ್ಟಿಯವರು ಫೋನಿನಲ್ಲಿ ಕೂಗುತ್ತಿದ್ದಾರೆ.

ಮಂಗಳವಾರ ತುಷಾರ್ ಸಾಹೇಬರು ಕ್ಯಾಬಿನ್ನಿನಿಂದ ಹೊರಬಂದು ಆಫೀಸಿನ ನಡುವೆ ನಿಂತರು. “ಶನಿವಾರ್ ತಕ್ ಚಾಲೂ ಥಾ. ಅಂಕಲ್ ಗಯೇ, ಫೋಲ್ಡರ್ ಗಯಾ. ಕ್ಯಾ ಸಮಝೂಂ ಮೈಂ?” ಶನಿವಾರದವರೆಗೆ ಇತ್ತು, ನೀನು ಹೋದೆ, ಫೋಲ್ಡರೂ ಹೋಯಿತು, ಏನೆಂದು ತಿಳಿಯಬೇಕು ಎಂದು ನಿನ್ನ ಖಾಲಿ ಕುರ್ಚಿಯತ್ತ ಬೆರಳು! ಆ ಮೇಲೆ ಆ ಮನುಷ್ಯ ನಿನಗೆ ಫೋನ್ ಮಾಡಿದನಲ್ಲ, ಅದು ಸ್ಪೀಕರಿನಲ್ಲಿತ್ತು ಅಣ್ಣಾ. ನಿನಗೆ ಗೊತ್ತಿರಲಿಕ್ಕಿಲ್ಲ. ಇಡೀ ಆಫೀಸು ಕೇಳಿತು. ಏನಾಗಿದೆ ಎಂದು ಅವನು ಬಿಡಿಸಿ ಹೇಳಲಿಲ್ಲ, ಹೋಗುವಾಗ ಏನು ಮಾಡಿ ಹೋದಿರಿ, ಏನು ಅಳಿಸಿದಿರಿ ಎಂದು ಗದರಿದ. ನೀನು ಏನಂದೆ? “ಗೊತ್ತಿಲ್ದೆ ಏನಾದ್ರೂ ನನ್ನಿಂದ ತಪ್ಪಾಗಿದ್ರೆ ದಯವಿಟ್ಟು ಕ್ಷಮಿಸಿಬಿಡಿ ಸಾರ್” ಅಂದೆ. ಸಾರ್! ನಿನ್ನ ಮಗಳಿಗಿಂತ ಒಂದು ವರ್ಷ ಚಿಕ್ಕವನಿಗೆ! ಅಷ್ಟಕ್ಕೇ ಬಿಟ್ಟೆಯಾ? ಸಂಜೆ ವಾಟ್ಸಾಪಿನಲ್ಲಿ ಅದನ್ನೇ ಬರೆದು ಕಳಿಸಿದೆ, ಕೈಮುಗಿಯುವ ಚಿತ್ರ ಸಮೇತ. ಬುಧವಾರ ಅವನು ಅದನ್ನು ಒಬ್ಬೊಬ್ಬರ ಮೇಜಿಗೂ ಹೋಗಿ, ಮಂಗಳಾರತಿ ತಟ್ಟೆ ಹಿಡಿದಂತೆ ಹಿಡಿದು ತೋರಿಸಿದ. ನೋಡಿ, ಒಪ್ಪಿಕೊಂಡಿದ್ದಾರೆ ಎಂದ. ನಾನು ಎದ್ದು ನಿಂತು, ನನ್ನ ಅಣ್ಣ ಆ ಫೋಲ್ಡರಿಗೆ ದ್ರೋಹ ಬಗೆಯುವವನಲ್ಲ ಎಂದು ಗುಡುಗಿದೆ. ನನ್ನ ಗಂಟಲು ನಿನಗೆ ಗೊತ್ತು, ಅಪ್ಪ ಮೈಕಿಲ್ಲದ ನಾಟಕದ ಟೆಂಟಿನಲ್ಲಿ ಕೊನೆಯ ಬೆಂಚಿಗೆ ಮುಟ್ಟುವಂತೆ ತಯಾರು ಮಾಡಿದ ಗಂಟಲು. ಎದುರಿನ ಬಿಲ್ಡಿಂಗಿನ ಪಾರಿವಾಳಗಳು ಹಾರಿದವು. ಅದಕ್ಕೆ ಆ ತುಷಾರ್, ತನಗೆ ಬರುವ ಒಂದೇ ಒಂದು ಪೂರ್ತಿ ಕನ್ನಡ ವಾಕ್ಯ ಹೇಳಿದ: “ಮೇಡಂ, ಇದು ಆಫೀಸ್, ನಾಟಕ ಅಲ್ಲ.”

ಆ ದಿನವೇ ನೀನು ಮೈಸೂರಿನ ರೈಲು ಹತ್ತಿದ್ದೀಯೆಂದು ನನಗೆ ಗೊತ್ತಾದದ್ದು ರಾತ್ರಿ, ನಿನ್ನ ಮನೆಯ ಬಾಗಿಲಿಗೆ ಬೀಗ ಕಂಡಾಗ. ಒಂದೇ ಬಿಲ್ಡಿಂಗಿನಲ್ಲಿ ಎರಡು ಮಾಳಿಗೆ ಮೇಲಿರುವ ತಂಗಿಗೆ ಒಂದು ಮಾತಿಲ್ಲ. ಯಾಕೋ ಆಗ ನನಗೆ ನಮ್ಮ ನಾಟಕ ಕಂಪನಿಯ ಆ ದಿನ ನೆನಪಾಯಿತು. ಅರಸೀಕೆರೆಯ ಕ್ಯಾಂಪು. ನಿನಗೆ ಇಪ್ಪತ್ತು, ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ಹೇಳಿಕೊಡುವ ಕೆಲಸ. ರಾಜನ ಪಾರ್ಟಿನವನು ಮಧ್ಯಾಹ್ನವೇ ಏರಿಸಿಕೊಂಡು ಬಂದು ಇಡೀ ಒಂದು ಪುಟ ನುಂಗಿದ. ನೀನು ಮೂರು ಸಲ ಹೇಳಿಕೊಟ್ಟೆ, ಅವನ ಕಿವಿಗೆ ಬೀಳಲಿಲ್ಲ, ಜನ ಸಿಳ್ಳೆ ಹಾಕಿದರು. ಆಮೇಲೆ ಬಣ್ಣದ ಮನೆಯಲ್ಲಿ ಅವನು ಕಿರೀಟ ಕಿತ್ತೆಸೆದು, ನಿನ್ನಿಂದಲೇ ಹಾಳಾಯಿತು ಎಂದು ಎಲ್ಲರೆದುರು ಬೈದ. ನೀನು ಕೈಮುಗಿದು ತಪ್ಪಾಯಿತು ಅಂದೆ. ಅಪ್ಪ ಕನ್ನಡಿಯ ಮುಂದೆ ಮೀಸೆ ಬಿಚ್ಚುತ್ತಿದ್ದರು. ನಾನು ಹನ್ನೆರಡು ವರ್ಷದವಳು, ಸಖಿಯ ಜರಿಲಂಗದಲ್ಲಿ ನಿಂತು ಕಿರುಚಿದೆ, ಅಣ್ಣ ಹೇಳಿಕೊಟ್ಟ, ನಾನು ಕೇಳಿಸಿಕೊಂಡೆ, ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾಕೆ ಹಾಕಿಕೊಳ್ಳಬೇಕು? ತಪ್ಪಾಯಿತು ಎಂದು ನೀನೇ ಅಂದುಬಿಟ್ಟ ಮೇಲೆ ನಾಟಕ ಮುಗಿಯಿತಲ್ಲ! ನಲವತ್ತು ವರ್ಷವಾಯಿತು, ನಿನ್ನ ಚಾಳಿ ಹೋಗಿಲ್ಲ.

ಗುರುವಾರ ನಾನು ಬಾಯಿ ಮುಚ್ಚಿಕೊಂಡು ಕಣ್ಣು ಬಿಟ್ಟೆ. ನಂಬು, ಬಾಯಿ ಮುಚ್ಚಿಕೊಂಡೆ. ಎಲ್ಲರೂ ಕೈಕಟ್ಟಿ ಕೂತಿದ್ದರೆ, ಬಾಗಿಲ ಹತ್ತಿರದ ಮೇಜಿನ ನಿಖಿತಾ ಮಾತ್ರ ತಲೆಯೆತ್ತದೆ ಟಪಟಪ ಕೆಲಸ ಮಾಡುತ್ತಿದ್ದಾಳೆ. ಹಿಂದಿನಿಂದ ಹೋಗಿ ನೋಡುತ್ತೇನೆ, ಅವಳ ಕಂಪ್ಯೂಟರಿನಲ್ಲಿ ಝೆಡ್ ಡ್ರೈವ್ ಬಾಯ್ತೆರೆದು ಕೂತಿದೆ! ಹುಡುಗಿ ಥಟ್ಟನೆ ಪರದೆಗೆ ಅಡ್ಡ ತಿರುಗಿದಳು. “ಆಂಟಿ, ಪ್ಲೀಸ್, ಯಾರಿಗೂ ಹೇಳ್ಬೇಡಿ, ನನ್ ಮೇಲೆ ಹಾಕ್ತಾರೆ” ಎಂದು ನನ್ನ ಸೆರಗು ಹಿಡಿದಳು. ಸೋಮವಾರದಿಂದಲೂ ಅವಳಿಗೆ ತೆರೆಯುತ್ತಿತ್ತಂತೆ, ಹೆದರಿ ಬಾಯಿ ಬಿಟ್ಟಿಲ್ಲ. ಒಬ್ಬಳಿಗೆ ಮಾತ್ರ ಯಾಕೆ? ಅವಳೇನು ಮೇಲಿನವಳೇ, ಸೇರಿ ಎರಡು ವರ್ಷವಾಗಿಲ್ಲ. ಸೇರಿದ್ದು ಯಾವಾಗ ಎಂದು ಕೇಳಿದೆ. “ವಸಿಷ್ಠ ಅಂಕಲ್ ಮಗಳ ಮದುವೆಗೆ ರಜಾ ಹೋಗಿದ್ರಲ್ಲ ಆಂಟಿ, ಆವಾಗ. ಹೆಡ್ ಆಫೀಸಿಂದ ನನ್ ಹೆಸ್ರು ಬರೋಕೆ ಹದಿನೈದು ದಿನ ಆಯ್ತು, ಅಲ್ಲೀವರ್ಗೂ ಸುಮ್ನೆ ಕೂತಿದ್ದೆ” ಅಂದಳು.

ಅಣ್ಣಾ, ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ನಮ್ಮ ಆಫೀಸಿಗೆ ಹೊಸಬರು ಬಂದ ಮೊದಲ ದಿನ ನೀನು ಮಾಡುತ್ತಿದ್ದ ಶಾಸ್ತ್ರ ಜ್ಞಾಪಕಕ್ಕೆ ಬಂತು. “ಒಂದ್ನಿಮಿಷ ಏಳಿ” ಎಂದು ಅವರನ್ನು ಕುರ್ಚಿಯಿಂದ ಎಬ್ಬಿಸಿ, ನೀನು ಕೂತು, ಟಪ್ ಟಪ್ ಏನೋ ಹೊಡೆದು, “ಆಯ್ತು, ಕೂತ್ಕೊಳಿ, ಹೆಸರು ಬರೋವರೆಗೆ ಕೆಲಸ ಯಾಕೆ ನಿಲ್ಲಬೇಕು” ಎಂದು ಎದ್ದು ಹೋಗುತ್ತಿದ್ದೆ. ನನ್ನನ್ನೂ ಎಬ್ಬಿಸಿದ್ದೆ, ಪ್ರಶಾಂತನನ್ನೂ ಎಬ್ಬಿಸಿದ್ದೆ. ನಿಖಿತಾಳೊಬ್ಬಳನ್ನು ಎಬ್ಬಿಸಲು ನೀನು ಊರಲ್ಲಿರಲಿಲ್ಲ! ಪ್ರಶಾಂತನನ್ನು ಕರೆದೆ. ಕಂಪ್ಯೂಟರು ಯಾರ ಹೆಸರನ್ನು ನೆನಪಿಟ್ಟುಕೊಂಡಿದೆ ಎಂದು ನೋಡುವ ಜಾಗ ಇದೆಯೇನಪ್ಪ ಎಂದೆ. “ಉಂಟು ರಮಕ್ಕ, ಅದೆಂತ ದೊಡ್ಡ ಸಂಗತಿ” ಎಂದು ನನ್ನ ಮಷೀನಿನಲ್ಲೇ ತೆಗೆದ. ಝೆಡ್ ಡ್ರೈವಿನ ಎದುರು ಇದ್ದದ್ದು ನನ್ನ ಹೆಸರು ರಮಾಮಣಿಯಲ್ಲ. ವಸಿಷ್ಠ! ಅವನ ಮಷೀನಿನಲ್ಲಿ ವಸಿಷ್ಠ. ಪಕ್ಕದ ಮೇಜಿನಲ್ಲಿ ವಸಿಷ್ಠ. ಮೇಜಿನಿಂದ ಮೇಜಿಗೆ ಹೋದಂತೆಲ್ಲ ನೀನೇ ನೀನು. ಹೊಸಬರ ಹೆಸರುಗಳು ಹೆಡ್ ಆಫೀಸಿನಿಂದ ಬರಲೇ ಇಲ್ಲ, ಏಕೆಂದರೆ ಯಾರೂ ಕೇಳಲೇ ಇಲ್ಲ. ಬಾಗಿಲು ತೆರೆದೇ ಇತ್ತಲ್ಲ! ವರ್ಷಗಟ್ಟಲೆ ನಾವೆಲ್ಲ ನಿನ್ನ ಹೆಸರು ಹೇಳಿಕೊಂಡು ಒಳಗೆ ಬಂದಿದ್ದೇವೆ, ನಮಗೇ ಗೊತ್ತಿಲ್ಲದೆ. ಶನಿವಾರ ಸಂಜೆ, ನಿನ್ನ ಹಾರದ ಹೂವು ಬಾಡುವ ಮೊದಲೇ, ಹೆಡ್ ಆಫೀಸಿನವರು ಪದ್ಧತಿಯಂತೆ ನಿವೃತ್ತನಾದವನ ಹೆಸರನ್ನು ನಿಲ್ಲಿಸಿದರು. ನಿನ್ನೊಬ್ಬನನ್ನು ಹೊರಗೆ ಹಾಕಲು ಹೋಗಿ ಇಡೀ ಆಫೀಸನ್ನು ಬೀದಿಗೆ ಹಾಕಿದರು.

ಹಾಗೆಂದು ನಿನ್ನ ಕೆಲಸಕ್ಕೆ ಆರತಿ ಎತ್ತುತ್ತೇನೆ ಅಂದುಕೊಳ್ಳಬೇಡ. ಪಾಸ್‌ವರ್ಡನ್ನು ಯಾರಿಗೂ ಕೊಡಬಾರದು ಎಂಬ ನಿಯಮ ಗೋಡೆಯ ಮೇಲೆ ಅಂಟಿಸಿದೆ, ಅಂಟಿಸಿದವನೂ ನೀನೇ! ಆದರೆ ಅದು ಕೆಲಸ ನಿಲ್ಲಬಾರದೆಂದು ಮಾಡಿದ್ದು. ದ್ರೋಹವೆಂದರೆ ಬೇರೆ. ಅದನ್ನು ಶುಕ್ರವಾರ ತೋರಿಸಿದೆ.

ಶುಕ್ರವಾರ! ಅಪ್ಪ ಇರಬೇಕಿತ್ತು ನೋಡುವುದಕ್ಕೆ. ಮಧ್ಯಾಹ್ನದ ಚಹಾ ಬಂದ ಹೊತ್ತಿಗೆ, ಪ್ರಶಾಂತನನ್ನು ಹಿಂದಿಟ್ಟುಕೊಂಡು ತುಷಾರನ ಕ್ಯಾಬಿನ್ನಿನ ಬಾಗಿಲು ಪೂರ್ತಿ ತೆರೆದು ನಿಂತೆ, ಹೊರಗಿನವರಿಗೆಲ್ಲ ಕಾಣುವಂತೆ. ಸಾರ್, ಒಂದ್ನಿಮಿಷ ಏಳಿ ಅಂದೆ. ಅವನು “ಕ್ಯಾ?” ಅಂದ. ಏಳಿ! ಅಂದೆ. ಆ ಗಂಟಲಿಗೆ ಎದ್ದುಬಿಟ್ಟ. ಪ್ರಶಾಂತ ಕೂತ. “ಮೇರಾ ತೋ ಮ್ಯಾನೇಜರ್ ಲಾಗಿನ್ ಹೈ, ಮೇರಾ ಕ್ಯಾ ದೇಖ್ನಾ ಹೈ” ಎಂದು, ತನ್ನದರಲ್ಲಿ ನೋಡುವುದೇನಿದೆಯೆಂದು, ಅವನು ಗೊಣಗುತ್ತಿದ್ದಂತೆಯೇ ಲ್ಯಾಪ್‌ಟಾಪಿನ ಮೇಲೆ ಆ ಸಾಲು ಬಂತು. ವಸಿಷ್ಠ! ನೀನು ಮರೆತಿದ್ದೀಯ, ಅವನು ಸೇರಿದ ದಿನ ಅವಸರ ಮಾಡಿ ನಿನ್ನನ್ನು ಕೂಗಿ ಕರೆದು “ಅಂಕಲ್, ಜಲ್ದೀ ಚಾಲೂ ಕರ್ ದೋ” ಅಂದಿದ್ದ, ನೀನು ಓಡಿ ಹೋಗಿದ್ದೆ. ಯಾರನ್ನು ಬಾಗಿಲು ಮುರಿದವನು ಎಂದು ಸಾರಿದನೋ ಅವನ ಹೆಸರಿನಲ್ಲೇ ಈ ಮಹಾಶಯ ಮೂರು ವರ್ಷ ಒಳಗೆ ಹೊರಗೆ ಓಡಾಡಿದ್ದಾನೆ. ಹೊರಗಿನವರೆಲ್ಲ ಚಹಾದ ಲೋಟ ಹಿಡಿದೇ ಎದ್ದು ಬಂದು ಇಣುಕಿದರು. ನಾನು ಮೆಲ್ಲಗೆ, ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಹೇಳಿದೆ: ಸಾರ್, ಇದು ನಾಟಕ ಅಲ್ಲ, ಆಫೀಸ್.

ಆಮೇಲೆ ನಡೆದದ್ದೇ ನನ್ನನ್ನು ಸುಡುತ್ತಿರುವುದು. ಹೆಡ್ ಆಫೀಸಿಗೆ ಹೇಳಿದರು, ಅವರು ನಿನ್ನ ಹೆಸರನ್ನು ಒಂದು ಮಧ್ಯಾಹ್ನಕ್ಕೆ ಮತ್ತೆ ಜೀವಂತ ಮಾಡಿದರು. ಝೆಡ್ ಡ್ರೈವ್ ತೆರೆಯಿತು, ಕಂಟೇನರಿನ ಕಾಗದ ಹೋಯಿತು. ಸಂಜೆಯೊಳಗೆ ಎಲ್ಲರಿಗೂ ಅವರವರ ಹೆಸರು ಸಿಕ್ಕಿತು, ನಿನ್ನದನ್ನು ಮತ್ತೆ ಕೊಂದರು. ತುಷಾರ್ “ಚಲೋ, ಸಾಲ್ವ್ ಹೋ ಗಯಾ” ಎಂದು ಚಪ್ಪಾಳೆ ತಟ್ಟಿ ಫೋನೆತ್ತಿದ. ನಾನು ಬಾಗಿಲಲ್ಲೇ ನಿಂತೆ, ಈಗ ನಿನಗೆ ಮಾಡುತ್ತಾನೆ, ಈಗ ಒಂದು ಮಾತು ಹೇಳುತ್ತಾನೆ ಎಂದು. ಕೆಳಗಿನ ಹೋಟೆಲಿಗೆ ಮಾಡಿ ಎಲ್ಲರಿಗೂ ಸಿಹಿತಿಂಡಿ, ಶಿರಾ, ತರಲು ಹೇಳಿದ! ನಾನು ಮುಟ್ಟಲಿಲ್ಲ. ಪ್ರಶಾಂತನೂ ಮುಟ್ಟಲಿಲ್ಲ ಎಂದು ಬರೆಯಲು ಆಸೆ, ಆದರೆ ಅವನು ಎರಡು ಪ್ಲೇಟ್ ತಿಂದ. ದಾದರಿನವರೆಗೆ ಲೋಕಲಿನಲ್ಲಿ ಜೊತೆಗೆ ಬಂದು, “ಬೇಜಾರ್ ಮಾಡ್ಬೇಡಿ ರಮಕ್ಕ, ಹಸಿವಾಗಿತ್ತು” ಅಂದ. ಬಡಪಾಯಿ.

ನಿನ್ನ ಮನೆಯ ತುಳಸಿಗೆ ನೀರು ಹಾಕುತ್ತಿದ್ದೇನೆ. ಅಡುಗೆಮನೆಯ ಕಿಟಕಿಯಿಂದ ಮಳೆನೀರು ಒಳಗೆ ಬರುತ್ತಿದೆ, ಗೋಣಿಚೀಲ ತುರುಕಿದ್ದೇನೆ. ಯಜಮಾನರು ಬಾಲ್ಕನಿಯಿಂದಲೇ ನಿನ್ನನ್ನು ಕೇಳಿದ್ದಾರೆ, ಇಸ್ಪೀಟಿಗೆ ಒಂದು ಕೈ ಕಡಿಮೆಯಾಗಿದೆಯಂತೆ. ಅತ್ತಿಗೆಗೆ ನಮಸ್ಕಾರ, ಧಾತ್ರಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ನಿನ್ನ ಕಾಲಿಗೂ ಒಂದು ನಮಸ್ಕಾರ, ಕೋಪ ಬೇರೆ, ನಮಸ್ಕಾರ ಬೇರೆ.

ನಿನ್ನ ತಂಗಿ,
ರಮಾ

ಮರೆತ ಮಾತು: ಅಲ್ಲ, ಮರೆತದ್ದಲ್ಲ, ಈಗ ತಿಳಿದದ್ದು. ಲಕೋಟೆಗೆ ಅಂಟು ಹಚ್ಚುವಾಗ ನಿಖಿತಾ ಅಳುತ್ತಾ ಫೋನ್ ಮಾಡಿದಳು. ನಿನ್ನೆ ಎಲ್ಲರೂ ಹೋದ ಮೇಲೆ ತುಷಾರ್ ಅವಳ ಕೈಯಲ್ಲಿ ವರದಿ ಟೈಪ್ ಮಾಡಿಸಿದ್ದಾನೆ. ನಿವೃತ್ತ ನೌಕರ ವಸಿಷ್ಠ ನಿಯಮ ಮೀರಿ ಪಾಸ್‌ವರ್ಡ್ ಹಂಚಿ ಆಫೀಸಿಗೆ ನಷ್ಟ ಮಾಡಿದ, ತಪ್ಪನ್ನು ತಾನೇ ಒಪ್ಪಿದ್ದಾನೆ ಎಂದು, ಕೆಳಗೆ ನಿನ್ನ ವಾಟ್ಸಾಪ್ ಕ್ಷಮೆಯ ಚಿತ್ರ. ಅವನ ಲ್ಯಾಪ್‌ಟಾಪಿನ ಬಗ್ಗೆ ಒಂದಕ್ಷರವಿಲ್ಲ. ಇದೇ ಇಪ್ಪತ್ತಕ್ಕೆ ಹೆಡ್ ಆಫೀಸಿನ ದೊಡ್ಡವರು ಬರುತ್ತಾರೆ, ಅಂದು ನಾವೆಲ್ಲ ಅದಕ್ಕೆ ಸಹಿ ಹಾಕಬೇಕಂತೆ, ಆಮೇಲೆ ಅದು ನಿನ್ನ ಸರ್ವಿಸ್ ಫೈಲು ಸೇರುತ್ತದೆ. ನಾನು ಹಾಕುವುದಿಲ್ಲ. ಆದರೆ ನೀನೇ ತಪ್ಪಾಯಿತು ಅಂದಿರುವಾಗ ನನ್ನ ಕಿರುಚಾಟವನ್ನು ಅರಸೀಕೆರೆಯಲ್ಲಿ ಯಾರೂ ಕೇಳಲಿಲ್ಲ, ಇಲ್ಲಿಯೂ ಕೇಳುವುದಿಲ್ಲ. ಒಳಗೆ ಸ್ಟಾಂಪ್ ಹಚ್ಚಿದ ಲಕೋಟೆ ಇಟ್ಟಿದ್ದೇನೆ. ನಿನ್ನ ಕೈಬರಹ, ನಿನ್ನ ಸಹಿ ಬೇಕು, ಇಪ್ಪತ್ತರೊಳಗೆ. ಎಲ್ಲರೆದುರು ನಾನು ಓದುತ್ತೇನೆ, ಗಂಟಲು ನನ್ನದು. ಮಾತು ತೋಚದಿದ್ದರೆ, ಇಗೋ, ಈ ಸಲ ಸೈಡ್ ವಿಂಗಿನಲ್ಲಿ ನಾನು ಕೂತಿದ್ದೇನೆ, ಹೇಳಿಕೊಡುತ್ತೇನೆ, ಬರೆದುಕೋ: “ನಾನು ಕೇಳಿದ ಕ್ಷಮೆಯನ್ನು ವಾಪಸ್ ತೆಗೆದುಕೊಂಡಿದ್ದೇನೆ. ಬಾಗಿಲು ತೆರೆದವನು ನಾನು. ಒಳಗೆ ಬಂದವರ ಹೆಸರನ್ನೂ ಬರೆಯಿರಿ, ತುಷಾರರಿಂದ ಶುರು ಮಾಡಿ.” ಇಷ್ಟೇ. ಕೊನೆಯಲ್ಲಿ ಸಾರ್ ಅಂತ ಸೇರಿಸಬೇಡ.